ಮಹಡಿಯ ಮೇಲೊಂದು ಕ್ರಾಸ್‌ಬ್ಯಾಂಡ್ ರಿಪೀಟರ್

ಹ್ಯಾಮ್ (ಹವ್ಯಾಸಿ) ರೇಡಿಯೋ ಪರವಾನಗಿ ಪಡೆದು ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ರೇಡಿಯೋ, ಕೊಂಡವರಲ್ಲಿ ಬಹಳ ಮಂದಿ ಎದುರಿಸುವ ತೊಂದರೆಯೇ ನನಗೂ ಇತ್ತು. ಬೆಟ್ಟದ ಮೇಲಿನ 2 ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಆಸುಪಾಸಿನ) ರಿಪೀಟರ್, ಅಂದರೆ ಬಂದ ಮಾತನ್ನು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ, ಮನೆಯ ಮಹಡಿಯಲ್ಲಿ ನಿಂತರೆ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಒಳಗಿನ ಕೋಣೆಗೆ ಬಂದರೆ ಹ್ಯಾಂಡಿಯ 5 ವಾಟ್ ಎಲ್ಲಿಗೂ ಸಾಲುತ್ತಿರಲಿಲ್ಲ. ಇದಕ್ಕೆ ಗೊತ್ತಿರುವ ಪರಿಹಾರವೆಂದರೆ ಕ್ರಾಸ್‌ಬ್ಯಾಂಡ್ ರಿಪೀಟರ್. ಎರಡು ಬ್ಯಾಂಡುಗಳ ಮೊಬೈಲ್ ರಿಗ್ (ವಾಹನದಲ್ಲಿ ಇಡುವಂಥ ರೇಡಿಯೋ) ಒಂದನ್ನು ಮಹಡಿಯ ಆಂಟೆನಾಕ್ಕೆ ಜೋಡಿಸಿಟ್ಟರೆ, ಅದು 70 ಸೆಂಟಿಮೀಟರ್ ಬ್ಯಾಂಡಿನಲ್ಲಿ (435 ಮೆಗಾಹರ್ಟ್ಸ್ ಆಸುಪಾಸು) ನಮ್ಮ ಹ್ಯಾಂಡಿಯ ಮಾತನ್ನು ಕೇಳಿಸಿಕೊಂಡು ಅದೇ ಕ್ಷಣದಲ್ಲಿ 2 ಮೀಟರಿನಲ್ಲಿ ಹೆಚ್ಚಿನ ಶಕ್ತಿಯಿಂದ ಮರುಪ್ರಸಾರ ಮಾಡುತ್ತದೆ. ಬೆಟ್ಟದಿಂದ ಬಂದ ಉತ್ತರವನ್ನು 70 ಸೆಂಟಿಮೀಟರಿಗೆ ತಿರುಗಿಸಿ ನಮಗೆ ಕೇಳಿಸುತ್ತದೆ. ಒಂದೇ ಬ್ಯಾಂಡಿನೊಳಗೆ ಕೆಲಸ ಮಾಡುವ ರಿಪೀಟರಿಗೆ ಕೇವಲ 600 ಕಿಲೋಹರ್ಟ್ಸ್ ಅಂತರದಲ್ಲಿ ಕೇಳುವುದನ್ನೂ ಹೇಳುವುದನ್ನೂ ಬೇರ್ಪಡಿಸಲು ಕ್ಯಾವಿಟಿ ಡ್ಯುಪ್ಲೆಕ್ಸರ್ ಎಂಬ ದೊಡ್ಡ ಫಿಲ್ಟರ್ ಬೇಕು. ಇಲ್ಲಿ ಎರಡು ಬ್ಯಾಂಡುಗಳ ನಡುವೆ ಸುಮಾರು ಮೂರು ಪಟ್ಟು ವ್ಯತ್ಯಾಸವಿರುವುದರಿಂದ ರಿಗ್ಗಿನೊಳಗಿನ ಚಿಕ್ಕ ಫಿಲ್ಟರುಗಳೇ ಆ ಕೆಲಸ ಮಾಡಿಬಿಡುತ್ತವೆ.

ಆದ್ದರಿಂದಲೇ ಇದನ್ನು ಗುಂಡಿಯೊತ್ತಿ ಮುಗಿಸುವ ಕೆಲಸವೆಂದು ಹೇಳುವವರು ಹೆಚ್ಚು. ಗುಂಡಿಯೊತ್ತುವುದು ನಿಜಕ್ಕೂ ಸುಲಭ. ಆದರೆ ಹಾಗೆ ಒತ್ತಿದ ಮೇಲೆ, ಯಾರ ಕೈಯೂ ತಾಗದೆ ತಾನಾಗಿಯೇ ಪ್ರಸಾರ ಆರಂಭಿಸುವ ಯಂತ್ರವೊಂದು ನಮ್ಮ ಕಾಲ್‌ಸೈನಿನ (ಪರವಾನಗಿಯೊಡನೆ ಸಿಗುವ ಗುರುತಿನ ಹೆಸರಿನ) ಹೊಣೆಯಲ್ಲಿ ಕುಳಿತಿರುತ್ತದೆ. ಅದು ಯಾವಾಗ ಸುಮ್ಮನಿರಬೇಕು ಎಂಬುದನ್ನು ಗೊತ್ತುಮಾಡುವುದರಲ್ಲೇ ನನ್ನ ಸಮಯದ ಬಹುಪಾಲು ಹೋಯಿತು. ಈ ದಾರಿಯಲ್ಲಿ ಬರುವವರಿಗೆ ಅನುಕೂಲವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಕಾಗದಪತ್ರ. ಕ್ರಾಸ್‌ಬ್ಯಾಂಡ್ ಮರುಪ್ರಸಾರಕ್ಕೆ ಕೆಲವು ದೇಶಗಳಲ್ಲಿ ಸಾಮಾನ್ಯ ಹವ್ಯಾಸಿ ಪರವಾನಗಿಯೇ ಸಾಕಾಗುತ್ತದೆ, ಇನ್ನು ಕೆಲವೆಡೆ ರಿಪೀಟರ್ ಎಂದೊಡನೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಹಾಗಾಗಿ ಬೇರೆಯವರು ಮಾಡಿದ್ದಾರೆ ಎಂಬುದನ್ನು ಆಧಾರವಾಗಿಟ್ಟುಕೊಳ್ಳದೆ ನಿಮ್ಮ ಪರವಾನಗಿಯ ಷರತ್ತುಗಳನ್ನೇ ಆದ್ಯಂತ ಓದಿ. ನನ್ನ ಪರವಾನಗಿಯಲ್ಲಿ ಈ ಬಗ್ಗೆ ನೇರವಾದ ಮಾತಿರಲಿಲ್ಲ. ಅನುಮಾನದಲ್ಲಿ ಮುಂದುವರಿಯಲು ಮನಸ್ಸಾಗದೆ, ಉಪಕರಣಗಳ ಜೋಡಣೆಯ ಒಂದು ರೇಖಾಚಿತ್ರ, ಬಳಸಬೇಕೆಂದಿರುವ ಬ್ಯಾಂಡುಗಳು, ಪ್ರಸಾರದ ಶಕ್ತಿ, ಆಂಟೆನಾದ ಎತ್ತರ ಇವಿಷ್ಟನ್ನು ಲಗತ್ತಿಸಿ ಪರವಾನಗಿ ಕೊಡುವ ಪ್ರಾಧಿಕಾರಕ್ಕೆ ಪತ್ರ ಬರೆದೆ. ಬಹಳ ಕಾಲ ಉತ್ತರವಿಲ್ಲ. ರಿಗ್ಗಿನ ಪೆಟ್ಟಿಗೆಯನ್ನು ತೆರೆಯಲೂ ಆಗದೆ, ಎತ್ತಿಡಲೂ ಮನಸ್ಸು ಬಾರದೆ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಕೊನೆಗೆ ಬಂದ ಉತ್ತರದಲ್ಲಿ ಒಂದೇ ಒಂದು ಪ್ರಶ್ನೆಯಿತ್ತು: ಪ್ರಸಾರ ನಿಲ್ಲದೆ ಹೋದರೆ ಅದನ್ನು ಯಾರು, ಎಲ್ಲಿಂದ, ಹೇಗೆ ನಿಲ್ಲಿಸುತ್ತಾರೆ?

ಆಗ ಈ ಪ್ರಶ್ನೆ ವಿಳಂಬಕ್ಕೊಂದು ನೆಪದಂತೆ ಕಂಡಿತು. ಈಗ ನೋಡಿದರೆ ಇಡೀ ವ್ಯವಹಾರದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಅದು. ರಿಗ್ಗಿನ ವಿದ್ಯುತ್ ಪೂರೈಕೆಯನ್ನು ದೂರದಿಂದಲೇ ಕಡಿತಗೊಳಿಸುವ ಸ್ವಿಚ್ ಇರುತ್ತದೆ, ಒಂದೇ ಸಮನೆ 3 ನಿಮಿಷ ಪ್ರಸಾರವಾದರೆ ರಿಗ್ ತಾನಾಗಿಯೇ ನಿಲ್ಲುವಂತೆ ಟೈಮ್‌ಔಟ್ ಟೈಮರ್ ಹೊಂದಿಸಲಾಗುತ್ತದೆ, ನಾನು ಹತ್ತಿರದಲ್ಲಿಲ್ಲದಾಗ ಕ್ರಾಸ್‌ಬ್ಯಾಂಡ್ ಚಾಲ್ತಿಯಲ್ಲಿರುವುದಿಲ್ಲ ಎಂದು ಮರುಪತ್ರ ಬರೆದ ಮೇಲೆ ಅನುಮತಿ ಬಂತು. ಮೊದಲ ಪತ್ರದಲ್ಲೇ ಈ ಮೂರು ಮಾತುಗಳನ್ನು ಬರೆದಿಟ್ಟರೆ ನಿಮಗೆ ಒಂದು ಸುತ್ತು ಉಳಿಯಬಹುದು.

ಬೆಟ್ಟದ ರಿಪೀಟರನ್ನು ನೋಡಿಕೊಳ್ಳುವ ಹಿರಿಯ ಹ್ಯಾಮ್ ಒಬ್ಬರಿಗೂ ತಿಳಿಸಿದೆ. ಇದು ಕಾನೂನಿಗಿಂತ ಮರ್ಯಾದೆಯ ವಿಷಯ. ನನ್ನ ಯಂತ್ರ ಹದಗೆಟ್ಟರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಅವರ ರಿಪೀಟರ್ ತಾನೆ. ಕಟ್ಟಡದ ನಿವಾಸಿಗಳ ಸಂಘದಿಂದ ಮಹಡಿಯಲ್ಲಿ ಕಂಬ ನೆಡಲು ಒಪ್ಪಿಗೆ ಪಡೆಯುವಾಗ ಸಿಡಿಲಿನ ಪ್ರಶ್ನೆ, ಟಿವಿಗೆ ಅಡಚಣೆಯಾಗುವ ಪ್ರಶ್ನೆ ಎಲ್ಲ ಬಂದವು. ಅರ್ತಿಂಗ್ ಮತ್ತು ಸಿಡಿಲು ತಡೆಯ ವಿವರವನ್ನು ಒಂದು ಪುಟದಲ್ಲಿ ಬರೆದುಕೊಟ್ಟದ್ದು ಬಾಯಿಮಾತಿಗಿಂತ ಹೆಚ್ಚು ಕೆಲಸ ಮಾಡಿತು.

ರಿಗ್ ಆಯ್ಕೆಯಲ್ಲಿ ಒಂದು ಎಚ್ಚರಿಕೆ. ಪರದೆಯ ಮೇಲೆ ಎರಡು ಆವರ್ತನಗಳು ಕಾಣಿಸಿದ ಮಾತ್ರಕ್ಕೆ ಆ ರಿಗ್ ಕ್ರಾಸ್‌ಬ್ಯಾಂಡ್ ಮಾಡುತ್ತದೆ ಎಂದಲ್ಲ. ಒಂದು ಬ್ಯಾಂಡಿನಲ್ಲಿ ಪ್ರಸಾರವಾಗುತ್ತಿರುವಾಗಲೇ ಇನ್ನೊಂದರಲ್ಲಿ ಕೇಳಿಸಿಕೊಳ್ಳುವ ಸಾಮರ್ಥ್ಯ ಇರಬೇಕು, ಜೊತೆಗೆ ತಯಾರಕರು ಮರುಪ್ರಸಾರದ ಸೌಲಭ್ಯವನ್ನು ಕೊಟ್ಟಿರಬೇಕು. ಕೆನ್‌ವುಡ್ ಟಿಎಂ-ವಿ71, ಯೇಸು ಎಫ್‌ಟಿ-8900 ಮೊದಲಾದ ಮಾದರಿಗಳು ಇದಕ್ಕೆ ಹೆಸರಾದವು. ಹೊಸದಾಗಿ ಬಂದಿರುವ ಎಷ್ಟೋ ಡ್ಯುಯಲ್ ಬ್ಯಾಂಡ್ ರಿಗ್ಗುಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ. ಕೈಪಿಡಿಯಲ್ಲಿ ಆ ಅಧ್ಯಾಯ ಇದೆಯೇ ಎಂದು ನೋಡಿ, ಮರುಪ್ರಸಾರದ ಸಮಯದಲ್ಲಿ 2 ಮೀಟರ್ ಕಡೆಯ ಆಫ್‌ಸೆಟ್ (ಕೇಳುವ ಮತ್ತು ಹೇಳುವ ಆವರ್ತನಗಳ ಅಂತರ) ಮತ್ತು ಟೋನ್ (ರಿಪೀಟರನ್ನು ತೆರೆಯಲು ಮಾತಿನೊಡನೆ ಕಳಿಸುವ ಸ್ವರ) ಎರಡೂ ಕೆಲಸ ಮಾಡುತ್ತವೆಯೇ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಹಣ ಕೊಡಿ. ಖರ್ಚಿನ ಲೆಕ್ಕದಲ್ಲಿ ರಿಗ್ ಎಲ್ಲಕ್ಕಿಂತ ದೊಡ್ಡ ಬಾಬ್ತು, ಅದರ ನಂತರ ಒಳ್ಳೆಯ ಕೋಆಕ್ಸ್ ಕೇಬಲ್. ನಾನು ಅಂದಾಜಿನಲ್ಲಿ ಸೇರಿಸದೇ ಇದ್ದ ಕನೆಕ್ಟರ್, ಕ್ಲಾಂಪ್, ಫ್ಯೂಸ್, ಟೇಪುಗಳು ಒಟ್ಟಾಗಿ ಆಂಟೆನಾದ ಬೆಲೆಯನ್ನೇ ದಾಟಿದವು.

ಉಪಕರಣ ಕೈಗೆ ಬಂದ ಮೇಲೆ ಆವರ್ತನ ಹುಡುಕುವ ಕೆಲಸ ಆರಂಭವಾಯಿತು. ಇದು ಕಾಗದ ಪೆನ್ಸಿಲಿನ ಕೆಲಸ, ಆದರೆ ಇಡೀ ಸ್ಥಾಪನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಹೌದು. ಯಾವುದೇ ಪ್ರಸಾರಕ ತನ್ನ ಆವರ್ತನದ ಎರಡರಷ್ಟು, ಮೂರರಷ್ಟರಲ್ಲಿಯೂ ದುರ್ಬಲವಾದ ಸಂಕೇತವನ್ನು ಹೊರಬಿಡುತ್ತದೆ. 2 ಮೀಟರ್ ಬ್ಯಾಂಡಿನ ಮೂರರಷ್ಟು ಸರಿಯಾಗಿ 70 ಸೆಂಟಿಮೀಟರ್ ಬ್ಯಾಂಡಿನೊಳಗೇ ಬಂದು ಬೀಳುತ್ತದೆ. ಉದಾಹರಣೆಗೆ ಬೆಟ್ಟದ ರಿಪೀಟರಿನ ಇನ್‌ಪುಟ್ (ಅದು ಕೇಳಿಸಿಕೊಳ್ಳುವ ಆವರ್ತನ) 145.100 ಮೆಗಾಹರ್ಟ್ಸ್ ಇದ್ದರೆ ನಮ್ಮ ರಿಗ್ ಪ್ರಸಾರ ಮಾಡಬೇಕಾದ್ದು ಅದರಲ್ಲಿಯೇ. ಅದರ ಮೂರರಷ್ಟು, ಅಂದರೆ ಮೂರನೆಯ ಹಾರ್ಮೋನಿಕ್, 435.300. ಹ್ಯಾಂಡಿಯ ಮಾತನ್ನು ಕೇಳಿಸಿಕೊಳ್ಳಲು 435.300ರ ಆಸುಪಾಸಿನ ಚಾನೆಲ್ ಇಟ್ಟುಕೊಂಡರೆ, ರಿಗ್ ತನ್ನ ಧ್ವನಿಯಿಂದಲೇ ತಾನು ಕಿವುಡಾಗುತ್ತದೆ. ಹಾರ್ಮೋನಿಕ್‌ನಲ್ಲಿ ಎಫ್‌ಎಂ ವಿಚಲನವೂ (ಮಾತಿಗೆ ತಕ್ಕಂತೆ ಆವರ್ತನ ಸರಿಯುವ ಪ್ರಮಾಣ) ಮೂರು ಪಟ್ಟಾಗುವುದರಿಂದ 5 ಕಿಲೋಹರ್ಟ್ಸ್ ಇದ್ದದ್ದು 15 ಆಗಿ ಹರಡುತ್ತದೆ. ಪಕ್ಕದ ಒಂದೆರಡು ಚಾನೆಲ್ ಬಿಟ್ಟರೆ ಸಾಲದು.

ಹಾಗೆಂದು ಎಲ್ಲಿ ಬೇಕಾದರಲ್ಲಿ ಸರಿಯುವಂತೆಯೂ ಇಲ್ಲ. 145.800ರಿಂದ 146.000 ಮತ್ತು 435ರಿಂದ 438 ಮೆಗಾಹರ್ಟ್ಸ್ ಹವ್ಯಾಸಿ ಉಪಗ್ರಹಗಳಿಗೆ ಬಿಟ್ಟ ಜಾಗ. ಅಂದಹಾಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ 2020ರ ಸೆಪ್ಟೆಂಬರಿನಿಂದ ಒಂದು ಕ್ರಾಸ್‌ಬ್ಯಾಂಡ್ ರಿಪೀಟರ್ ಇದೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ಅದೂ ಕೆನ್‌ವುಡ್‌ನ ಮೊಬೈಲ್ ರಿಗ್ ಒಂದರ ಮಾರ್ಪಡಿಸಿದ ರೂಪವೇ. ಅದು 145.990ರಲ್ಲಿ 67 ಹರ್ಟ್ಸ್ ಟೋನ್ ಸಹಿತ ಕೇಳಿಸಿಕೊಂಡು 437.800ರಲ್ಲಿ ಮರುಪ್ರಸಾರ ಮಾಡುತ್ತದೆ. 145.990ರ ಮೂರರಷ್ಟು 437.970, ಡೌನ್‌ಲಿಂಕಿನಿಂದ 170 ಕಿಲೋಹರ್ಟ್ಸ್ ದೂರ. ನೆಲದಿಂದ ಮಾತನಾಡುತ್ತಲೇ ತಮ್ಮ ಧ್ವನಿಯನ್ನು ಮೇಲಿನಿಂದ ಕೇಳಲು ಹೊರಟವರಿಗೆ ಈ ಅಂತರ ಇಲ್ಲದಿದ್ದರೆ ಕಷ್ಟವಾಗುತ್ತಿತ್ತು. ಇನ್ನು 433.92ರ ಸುತ್ತಮುತ್ತ ಹಲವು ದೇಶಗಳಲ್ಲಿ ಕಾರಿನ ಬೀಗದ ರಿಮೋಟುಗಳು, ಹವಾಮಾನ ಮಾಪಕಗಳ ಸಂವೇದಕಗಳು ತುಂಬಿಕೊಂಡಿರುತ್ತವೆ. 70 ಸೆಂಟಿಮೀಟರ್ ಬ್ಯಾಂಡಿನ ಅಗಲವೂ ದೇಶದಿಂದ ದೇಶಕ್ಕೆ ಬೇರೆ. ಇವೆಲ್ಲವನ್ನೂ ಹೊಡೆದುಹಾಕಿದ ಮೇಲೆ ಬ್ಯಾಂಡ್ ಯೋಜನೆಯ ಪ್ರಕಾರ ಸಿಂಪ್ಲೆಕ್ಸಿಗೆ (ಒಂದೇ ಆವರ್ತನದಲ್ಲಿ ಕೇಳಿ ಹೇಳುವುದಕ್ಕೆ) ಒಪ್ಪುವ ಕೆಲವೇ ಚಾನೆಲ್‌ಗಳು ಉಳಿದವು. ಅವುಗಳನ್ನು ಬೆಳಿಗ್ಗೆ, ಸಂಜೆ, ರಜಾದಿನಗಳಲ್ಲಿ ಕೇಳಿ ನೋಡಿ, ಸದಾ ಖಾಲಿಯಿರುವ ಒಂದನ್ನು ಆರಿಸಿಕೊಂಡೆ.

ಆಂಟೆನಾ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಎರಡೂ ಬ್ಯಾಂಡಿಗೆ ಒಪ್ಪುವ ಒಂದೇ ಕೊಲಿನಿಯರ್ ಆಂಟೆನಾ ಸಾಕು. ಕೇಬಲ್ಲಿನಲ್ಲಿ ಮಾತ್ರ ಉಳಿತಾಯ ಬೇಡ. 435 ಮೆಗಾಹರ್ಟ್ಸ್‌ನಲ್ಲಿ ತೆಳುವಾದ ಆರ್‌ಜಿ-58 ಕೇಬಲ್ 20 ಮೀಟರಿಗೆ ಸುಮಾರು 7 ಡೆಸಿಬಲ್ ನುಂಗುತ್ತದೆ; ಅಂದರೆ ಕಳಿಸಿದ್ದರಲ್ಲಿ ಐದನೆಯ ಒಂದು ಭಾಗ ಮಾತ್ರ ಮೇಲೆ ತಲುಪುತ್ತದೆ, ಹ್ಯಾಂಡಿಯಿಂದ ಬಂದ ಕ್ಷೀಣ ಸಂಕೇತವೂ ಅಷ್ಟೇ ಸೊರಗಿ ಕೆಳಗಿಳಿಯುತ್ತದೆ. ಎಲ್‌ಎಂಆರ್-400 ದರ್ಜೆಯ ಕೇಬಲ್ಲಿನಲ್ಲಿ ಅದೇ ದೂರಕ್ಕೆ ನಷ್ಟ 2 ಡೆಸಿಬಲ್ಲಿಗಿಂತ ಕಡಿಮೆ. ಕನೆಕ್ಟರಿನ ಕೀಲುಗಳ ಮೇಲೆ ತಾನೇ ಅಂಟಿಕೊಂಡು ಒಂದಾಗುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಕೇಬಲ್ ಕಟ್ಟಡದೊಳಗೆ ಹೋಗುವ ಮೊದಲು ನೀರು ತೊಟ್ಟಿಕ್ಕಲು ಒಂದು ಇಳಿಬಾಗು ಬಿಟ್ಟೆ. ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಸರಿಹೊಂದಿದೆ ಎಂಬ ಅಳತೆ, 1 ಇದ್ದರೆ ಅತ್ಯುತ್ತಮ) ಎರಡೂ ಬ್ಯಾಂಡಿನಲ್ಲಿ 1.5ರೊಳಗೆ ಬಂತು.

ನಿಜವಾದ ಪರೀಕ್ಷೆ ಶುರುವಾದದ್ದು ಅಲ್ಲಿಂದ. ಮೊದಲು ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ, ಗಾಳಿಗೆ ಏನೂ ಹೋಗದಂತೆ, ಹ್ಯಾಂಡಿಯಿಂದ ರಿಗ್ಗನ್ನು ಎಬ್ಬಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಆಂಟೆನಾ ಜೋಡಿಸಿ ಕ್ರಾಸ್‌ಬ್ಯಾಂಡ್ ಚಾಲೂ ಮಾಡಿದ ಮೊದಲ ಸಂಜೆ ನಾನು ಹ್ಯಾಂಡಿ ಮುಟ್ಟದೇ ಇದ್ದಾಗಲೂ ರಿಗ್ಗಿನ ಕೆಂಪು ದೀಪ ಹೊತ್ತಿಕೊಂಡಿತು, ಆರಿತು, ಮತ್ತೆ ಹೊತ್ತಿಕೊಂಡಿತು. ಕಟ್ಟಡದ ಲಿಫ್ಟ್ ಚಲಿಸುವಾಗ ಹುಟ್ಟುವ ವಿದ್ಯುತ್ ಗದ್ದಲ 70 ಸೆಂಟಿಮೀಟರ್ ಕಡೆಯ ಸ್ಕ್ವೆಲ್ಚನ್ನು (ಸಂಕೇತವಿಲ್ಲದಾಗ ಸದ್ದು ಮುಚ್ಚಿಡುವ ವ್ಯವಸ್ಥೆಯನ್ನು) ತೆರೆಯುತ್ತಿತ್ತು, ರಿಗ್ ಅದನ್ನೇ ಮಾತೆಂದು ಭಾವಿಸಿ ಮರುಪ್ರಸಾರ ಮಾಡುತ್ತಿತ್ತು. ಇನ್ನೂ ಖಾಲಿ ಸಿಂಪ್ಲೆಕ್ಸ್ ಚಾನೆಲ್ಲಿನಲ್ಲಿ ಕನಿಷ್ಠ ಶಕ್ತಿಯಲ್ಲಿಟ್ಟು ನೋಡುತ್ತಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಅದೇ ಬೆಟ್ಟದ ರಿಪೀಟರಿನ ಇನ್‌ಪುಟ್ ಆಗಿದ್ದಿದ್ದರೆ ಲಿಫ್ಟಿನ ಗುರುಗುರು ಊರಿಗೆಲ್ಲ ಕೇಳಿಸುತ್ತಿತ್ತು.

ಇದಕ್ಕೆ ಮದ್ದು ಟೋನ್ ಸ್ಕ್ವೆಲ್ಚ್. ಮಾತಿನ ಅಡಿಯಲ್ಲಿ ಕಿವಿಗೆ ಬೀಳದಂತೆ ಸೇರಿಕೊಂಡಿರುವ ಸಿಟಿಸಿಎಸ್‌ಎಸ್ ಟೋನ್ ಇದ್ದರೆ ಮಾತ್ರ ರಿಗ್ ಬಾಗಿಲು ತೆರೆಯುತ್ತದೆ, 67.0ರಿಂದ 250.3 ಹರ್ಟ್ಸ್‌ವರೆಗೆ ಬೇಕಾದಷ್ಟು ಪ್ರಮಾಣಿತ ಟೋನುಗಳಿವೆ. ಟೋನನ್ನು ಕಳಿಸುವಂತೆ ಹೊಂದಿಸುವುದು ಬೇರೆ, ಟೋನ್ ಇದ್ದರಷ್ಟೇ ಕೇಳಿಸಿಕೊಳ್ಳುವಂತೆ ಹೊಂದಿಸುವುದು ಬೇರೆ. ಮೆನುವಿನಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ, ನಮಗೆ ಇಲ್ಲಿ ಬೇಕಾದದ್ದು ಎರಡನೆಯದು. ಹ್ಯಾಂಡಿ ಕಡೆಗೆ ಬೆಟ್ಟದ ರಿಪೀಟರಿಗಿಂತ ಬೇರೆಯದೇ ಟೋನ್ ಇಟ್ಟುಕೊಳ್ಳಿ. ಇದಾದ ಮೇಲೆ ಲಿಫ್ಟ್ ಎಷ್ಟು ಓಡಾಡಿದರೂ ದೀಪ ಹೊತ್ತಲಿಲ್ಲ.

ಬೆಟ್ಟದ ಕಡೆಯಿಂದ ಎದುರಾದದ್ದು ಇದಕ್ಕಿಂತ ಜಟಿಲವಾದ ತೊಡಕು, ಕ್ರಾಸ್‌ಬ್ಯಾಂಡ್ ಬಗ್ಗೆ ಹೇಳುವವರು ಸಾಮಾನ್ಯವಾಗಿ ಹೇಳದೇ ಬಿಡುವುದೂ ಇದನ್ನೇ. ಯಾರಾದರೂ ಮಾತು ಮುಗಿಸಿ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಬಿಟ್ಟ ಮೇಲೆ ರಿಪೀಟರ್ ಕೆಲವು ಸೆಕೆಂಡುಗಳ ಕಾಲ ಖಾಲಿ ಕ್ಯಾರಿಯರ್ (ಮಾತಿಲ್ಲದ ಸಂಕೇತ) ಕಳಿಸುತ್ತಲೇ ಇರುತ್ತದೆ; ಅದನ್ನೇ ನಾವು ಟೇಲ್ ಎನ್ನುವುದು. ಮಹಡಿಯ ರಿಗ್ಗಿಗೆ ಆ ಖಾಲಿ ಕ್ಯಾರಿಯರ್ ಕೂಡ ಸಂಕೇತವೇ, ಹಾಗಾಗಿ ಅದನ್ನು ಶ್ರದ್ಧೆಯಿಂದ 70 ಸೆಂಟಿಮೀಟರಿನಲ್ಲಿ ಮರುಪ್ರಸಾರ ಮಾಡುತ್ತದೆ. ಪ್ರಸಾರ ಮಾಡುತ್ತಿರುವ ಬ್ಯಾಂಡಿನಲ್ಲೇ ಅದು ಕೇಳಿಸಿಕೊಳ್ಳಲಾರದು. ಪರಿಣಾಮವಾಗಿ ಟೇಲ್ ಬೀಳುವವರೆಗೆ ನಾನು ಎಷ್ಟು ಪಿಟಿಟಿ ಒತ್ತಿದರೂ ವ್ಯರ್ಥ. ಬೇರೆಯವರು ಟೇಲ್ ಬೀಳುವ ಮೊದಲೇ ಮಾತು ಎತ್ತಿಕೊಳ್ಳುವುದರಿಂದ, ಬಿರುಸಾಗಿ ನಡೆಯುವ ಮಾತುಕತೆಯಲ್ಲಿ ನನಗೆ ಸರದಿಯೇ ಸಿಗುತ್ತಿರಲಿಲ್ಲ. ಎಲ್ಲರ ಮಾತೂ ಸ್ಪಷ್ಟವಾಗಿ ಕೇಳುತ್ತಿದ್ದು, ನನ್ನ ಹೆಸರನ್ನೇ ಕರೆಯುತ್ತಿದ್ದರೂ ಉತ್ತರಿಸಲಾಗದೆ ಕುಳಿತಿರುವುದು ವಿಚಿತ್ರವಾದ ಕಸಿವಿಸಿ.

ಬೆಟ್ಟದ ರಿಪೀಟರ್ ತನ್ನ ಔಟ್‌ಪುಟ್ಟಿನಲ್ಲೂ ಟೋನ್ ಕಳಿಸುತ್ತಿತ್ತು, ಆದರೆ ಟೇಲ್ ಸಮೇತ ಎಲ್ಲ ಹೊತ್ತಿನಲ್ಲೂ ಕಳಿಸುತ್ತಿತ್ತು. ಯಾರಾದರೂ ಮಾತನಾಡುತ್ತಿರುವಾಗ ಮಾತ್ರ ಟೋನ್ ಇದ್ದು ಟೇಲ್ ಶುರುವಾದೊಡನೆ ನಿಂತರೆ, ನನ್ನ ರಿಗ್ಗಿನ 2 ಮೀಟರ್ ಕಡೆ ಟೋನ್ ಸ್ಕ್ವೆಲ್ಚ್ ಹಾಕಿದಾಗ ಅದು ಟೇಲನ್ನು ಮರುಪ್ರಸಾರ ಮಾಡುವುದಿಲ್ಲ. ರಿಪೀಟರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, “ಸರ್, ಟೇಲ್ ಶುರುವಾಗುವ ಮುಂಚೆ ಟೋನ್ ನಿಲ್ಲಿಸಲು ಆಗುತ್ತದೆಯೇ?” ಎಂದು ಕೇಳಿದೆ. “ಕಂಟ್ರೋಲರಿನಲ್ಲಿ ಆ ಸೆಟ್ಟಿಂಗ್ ಇದೆ. ಆದರೆ ಅದಕ್ಕಾಗಿಯೇ ಬೆಟ್ಟ ಹತ್ತುವುದಿಲ್ಲ, ಮುಂದಿನ ಸಲ ಹೋದಾಗ ಮಾಡಿಕೊಡ್ತೀನಿ. ಅಲ್ಲಿಯವರೆಗೆ ಟೇಲ್ ಬೀಳೋ ತನಕ ತಾಳ್ಮೆಯಿಂದಿರಿ ಅಂತ ಎಲ್ಲರಿಗೂ ಹೇಳಿ, ನಿಮ್ಮ ನೆಪದಲ್ಲಾದರೂ ಕಲೀಲಿ,” ಎಂದು ನಕ್ಕರು. ಆ ‘ಮುಂದಿನ ಸಲ’ ಬರುವಷ್ಟರಲ್ಲಿ ಹವಾಮಾನ ಕೈಕೊಟ್ಟು ಕಾಯುವಿಕೆ ಮತ್ತಷ್ಟು ಬೆಳೆಯಿತು. ನಿಮ್ಮ ಸ್ಥಳೀಯ ರಿಪೀಟರಿನ ಟೋನ್ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದನ್ನು ರಿಗ್ ಕೊಳ್ಳುವ ಮೊದಲೇ ಹ್ಯಾಂಡಿಯಲ್ಲಿ ಟೋನ್ ಸ್ಕ್ವೆಲ್ಚ್ ಹಾಕಿ ಕೇಳಿ ತಿಳಿದುಕೊಳ್ಳಬಹುದು: ಮಾತು ನಿಂತ ಕೂಡಲೇ ಹ್ಯಾಂಡಿ ಮೌನವಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ.

ಬಿಸಿಯ ವಿಚಾರವನ್ನು ಆ ಕಾಯುವಿಕೆಯ ಅವಧಿಯಲ್ಲಿಯೇ ಅರಿತೆ. ಮೊಬೈಲ್ ರಿಗ್ಗಿನ ಮೇಲೆ 50 ವಾಟ್ ಎಂದು ಬರೆದಿದ್ದರೂ ಅದು ಸ್ವಲ್ಪ ಮಾತನಾಡಿ ಬಹಳ ಹೊತ್ತು ಕೇಳುವವರಿಗಾಗಿ ಮಾಡಿದ್ದು. ಕ್ರಾಸ್‌ಬ್ಯಾಂಡಿನಲ್ಲಿ ಲೆಕ್ಕ ತಿರುಗಿಬೀಳುತ್ತದೆ. ವಾರದ ನೆಟ್ (ಹ್ಯಾಮ್‌ಗಳು ರೇಡಿಯೋದಲ್ಲಿ ಸೇರಿ ನಡೆಸುವ ಮಾತುಕತೆ) ನಡೆಯುವಾಗ ನಾನು ಒಂದು ಮಾತೂ ಆಡದೆ ಬರೀ ಕೇಳುತ್ತಿದ್ದರೂ, ಉಳಿದವರ ಮಾತುಗಳನ್ನೆಲ್ಲ ನನಗೆ ತಲುಪಿಸಲು ರಿಗ್ ಹೆಚ್ಚುಕಡಿಮೆ ಇಡೀ ಹೊತ್ತು 70 ಸೆಂಟಿಮೀಟರಿನಲ್ಲಿ ಪ್ರಸಾರ ಮಾಡುತ್ತಲೇ ಇರುತ್ತದೆ. ಎಫ್‌ಎಂ ಆದ್ದರಿಂದ ಮಾತಿನ ನಡುವಿನ ಬಿಡುವಿನಲ್ಲೂ ಪೂರ್ಣ ಶಕ್ತಿಯಲ್ಲೇ. ಮನೆಯೊಳಗಿನ ಹ್ಯಾಂಡಿಗೆ ತಲುಪಲು ಇರುವುದರಲ್ಲೇ ಕನಿಷ್ಠ ಶಕ್ತಿ ಸಾಕು. ಬೆಟ್ಟದ ಕಡೆಗೆ 10 ವಾಟ್ ಇಟ್ಟೆ. ಹಾಗಿದ್ದೂ ನೆಟ್ ಮುಗಿದಾಗ ಹೀಟ್‌ಸಿಂಕಿನ ಮೇಲೆ ಅಂಗೈ ಇಟ್ಟುಕೊಂಡಿರಲು ಆಗಲಿಲ್ಲ. ಹಿಂಬದಿಗೆ ಸಣ್ಣದೊಂದು ಫ್ಯಾನ್ ಹಾಕಿದ ಮೇಲೆ ಉಗುರುಬೆಚ್ಚಗೆ ನಿಂತಿತು. ಪವರ್ ಸಪ್ಲೈ ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಂಕಿಯನ್ನು ನೋಡಿ ಕೊಳ್ಳಿ, ಗರಿಷ್ಠದ ಅಂಕಿಯನ್ನು ನಂಬಬೇಡಿ.

ಕಾಲ್‌ಸೈನ್ ಹೇಳುವ ವಿಷಯದಲ್ಲಿಯೂ ಯೋಚಿಸಬೇಕಾದದ್ದಿದೆ. ಹವ್ಯಾಸಿ ಕೇಂದ್ರಗಳು ಪ್ರಸಾರದ ಸಮಯದಲ್ಲಿ ಆಗಾಗ ತಮ್ಮ ಕಾಲ್‌ಸೈನನ್ನು ಕಳಿಸಬೇಕೆಂದು ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯ 25ನೆಯ ವಿಧಿಯೇ ಹೇಳುತ್ತದೆ. ನಾನು ಮಾತನಾಡುವಾಗ ನನ್ನ ಕಾಲ್‌ಸೈನ್ ಹೇಳುವುದರಿಂದ 2 ಮೀಟರ್ ಕಡೆ ತೊಂದರೆಯಿಲ್ಲ. 70 ಸೆಂಟಿಮೀಟರಿನಲ್ಲಿ ನನ್ನ ರಿಗ್ ಪ್ರಸಾರ ಮಾಡುವುದು ಬೇರೆಯವರ ಧ್ವನಿಯನ್ನು, ಅವರ ಕಾಲ್‌ಸೈನುಗಳನ್ನು. ಆ ಪ್ರಸಾರ ಯಾರದು ಎಂದು ತಿಳಿಸುವ ಗುರುತು ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ಕೆಲವು ರಿಗ್ಗುಗಳು ಮೋರ್ಸ್ ಸಂಕೇತದಲ್ಲಿ ತಾವೇ ಕಾಲ್‌ಸೈನ್ ಕಳಿಸುತ್ತವೆ. ನನ್ನದರಲ್ಲಿ ಆ ಅನುಕೂಲವಿಲ್ಲದ್ದರಿಂದ ಚಿಕ್ಕ ಐಡಿ ಬೋರ್ಡ್ ಒಂದನ್ನು ಸೇರಿಸಬೇಕಾಯಿತು. ಅನುಮತಿ ಪತ್ರದ ಷರತ್ತಿನಲ್ಲಿ ಹೇಳಿದ ಅಂತರಕ್ಕೆ ಅದನ್ನು ಹೊಂದಿಸಿದ್ದೇನೆ.

ಟೋನ್ ಬದಲಾವಣೆ ಆಗಿದೆ ಎಂದು ಬೆಟ್ಟದಿಂದಲೇ ಸಂದೇಶ ಬಂದ ದಿನ ಒಳಕೋಣೆಯಲ್ಲಿ ಕುಳಿತು ಪಿಟಿಟಿ ಒತ್ತಿದೆ. ಟೇಲ್ ಇನ್ನೂ ನಡೆಯುತ್ತಿರುವಾಗಲೇ ನನ್ನ ಮಾತು ಒಳಗೆ ಹೋಯಿತು. ಆದರೆ ಮೊದಲ ಪದ ಯಾರಿಗೂ ಕೇಳಿಸಲಿಲ್ಲ. ಹ್ಯಾಂಡಿಯ ಟೋನನ್ನು ಮಹಡಿಯ ರಿಗ್ ಗುರುತಿಸಬೇಕು, ಅದರ ಟೋನನ್ನು ಬೆಟ್ಟದ ರಿಪೀಟರ್ ಗುರುತಿಸಬೇಕು, ಒಂದೊಂದು ಹಂತವೂ ಸೆಕೆಂಡಿನ ಒಂದಷ್ಟು ಭಾಗವನ್ನು ತಿನ್ನುತ್ತದೆ. ಟೋನಿನ ಆವರ್ತನ ಕಡಿಮೆಯಾದಷ್ಟೂ ಗುರುತಿಸಲು ಹೆಚ್ಚು ಹೊತ್ತು. ಪಿಟಿಟಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತನಾಡುವುದನ್ನು ರೂಢಿಸಿಕೊಂಡರೆ ಸಾಕು. ಧ್ವನಿ ಸಣ್ಣದಾಗಿದೆ ಎಂದು ಕೆಲವರು ಹೇಳಿದರು. ಹ್ಯಾಂಡಿಯ ಆ ಚಾನೆಲ್ ನ್ಯಾರೋ (ಕಡಿಮೆ ವಿಚಲನದ) ಸ್ಥಿತಿಯಲ್ಲೂ ರಿಗ್ ವೈಡ್ (ಹೆಚ್ಚು ವಿಚಲನದ) ಸ್ಥಿತಿಯಲ್ಲೂ ಇದ್ದದ್ದು ಅದಕ್ಕೆ ಕಾರಣ. ಎರಡನ್ನೂ ಒಂದೇ ಮಾಡಿದ ಕೂಡಲೇ ಸರಿಹೋಯಿತು.

ಈಗ ಮನೆಯ ಯಾವ ಮೂಲೆಯಿಂದಲೂ ಅರ್ಧ ವಾಟ್‌ನಲ್ಲಿ ಬೆಟ್ಟದಾಚೆಯವರೊಂದಿಗೆ ಮಾತನಾಡುತ್ತಿದ್ದೇನೆ. ಹೊರಗೆ ಹೋಗುವಾಗ ಮತ್ತು ಮಲಗುವ ಮೊದಲು ಸ್ವಿಚ್ ಆರಿಸಿ, ಚಾಲೂ ಮಾಡಿದ ಹಾಗೂ ನಿಲ್ಲಿಸಿದ ವೇಳೆಯನ್ನು ಲಾಗ್ ಪುಸ್ತಕದಲ್ಲಿ ಬರೆದಿಡುತ್ತೇನೆ. ಹತ್ತಿರದಲ್ಲೇ ಇರುವ ಇನ್ನೊಬ್ಬ ಹ್ಯಾಮ್ ಗೆಳೆಯರು ತಾವೂ ಈ ಚಾನೆಲ್ ಬಳಸಬಹುದೇ ಎಂದು ಕೇಳಿದ್ದಾರೆ. ಅವರ ಬಳಿ ಸ್ವಂತ ಪರವಾನಗಿ ಇದೆ. ಆದರೆ ಅವರ ಮಾತಿಗೆ ಮಹಡಿಯಿಂದ ಹೊರಡುವ ಪ್ರಸಾರ ನನ್ನ ಹೊಣೆಯದು, ನನಗೆ ಬಂದಿರುವ ಅನುಮತಿಯಲ್ಲಿ ಬೇರೆಯವರ ಬಳಕೆಯ ಪ್ರಸ್ತಾಪವಿಲ್ಲ. ಹಾಗಾಗಿ ಪ್ರಾಧಿಕಾರಕ್ಕೆ ಇನ್ನೊಂದು ಪತ್ರ ಬರೆದಿದ್ದೇನೆ. ಈ ಸಲ ಪ್ರಸಾರವನ್ನು ಯಾರು, ಎಲ್ಲಿಂದ, ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.